ಬರೀ ಪ್ರಾಕ್ಟೀಸು

ಸ್ಪ್ಯಾನಿಷ್ ಭಾಷೆಯಲ್ಲಿ ಸುಮ್ಮನೆ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಏನನ್ನು ಮಾಡುತ್ತೀರಿ, ಯಾರ ಜೊತೆ ಮಾಡುತ್ತೀರಿ, ಕೊನೆಗೆ ಎದುರಿಗೆ ಯಾರು ಕೂತಿರುತ್ತಾರೆ ಅನ್ನುವುದನ್ನೆಲ್ಲ ಮೊದಲೇ ತಿಳಿಸಬೇಕು. ಕ್ರಿಯಾಪದ ಸಿಗುವುದು ಆಮೇಲೆ. ಮೈಸೂರಿನಲ್ಲಿ ಬೆಳೆದ ನಾವು ಈ ವಿಷಯದಲ್ಲಿ ಬಲು ಧಾರಾಳಿಗಳು. ಹುಡುಗರು ಮೈದಾನಕ್ಕೆ ಹೋದರೆ ಕ್ರಿಕೆಟ್ ಪ್ರಾಕ್ಟೀಸು, ಹುಡುಗಿಯರು ಗೆಜ್ಜೆ ಕಟ್ಟಿದರೆ ಡ್ಯಾನ್ಸ್ ಪ್ರಾಕ್ಟೀಸು, ಸ್ಕೂಲ್ ಡೇ ನಾಟಕಕ್ಕೂ ಪ್ರಾಕ್ಟೀಸು, ಪಕ್ಕದ ಮನೆಯ ವಕೀಲರು ಕರಿಕೋಟು ತೊಟ್ಟು ಹೊರಟರೆ ಅದೂ ಪ್ರಾಕ್ಟೀಸೇ. ಅವರದು ‘ಒಳ್ಳೇ ಪ್ರಾಕ್ಟೀಸು’ ಎಂದು ಬೀದಿಯಲ್ಲೆಲ್ಲ ಮಾತಿತ್ತು. ತಲೆಕೂದಲೆಲ್ಲ ನರೆತರೂ ಇನ್ನೂ ಪ್ರಾಕ್ಟೀಸಿನಲ್ಲೇ ಇದ್ದಾರಲ್ಲ, ನಿಜವಾದ ಕೇಸು ನಡೆಸುವುದು ಯಾವಾಗಲೋ ಎಂದು ಮಕ್ಕಳಾದ ನಮಗೆ ಚಿಂತೆ.

ನಮ್ಮವರ ಕೆಲಸದ ನಿಮಿತ್ತ ಮ್ಯಾಡ್ರಿಡ್‌ಗೆ ಬಂದ ಮೇಲೆ ಈ ಧಾರಾಳತನಕ್ಕೆ ಕತ್ತರಿ ಬಿತ್ತು. ಇಲ್ಲಿ ವಕೀಲರದು ‘ಎಹೆರ್ಸೆರ್’, ಅಂದರೆ ವೃತ್ತಿ ನಡೆಸುವುದು. ಫುಟ್‌ಬಾಲ್ ಆಟಗಾರರದು ‘ಎಂತ್ರೆನಾರ್’. ನಾಟಕದವರು, ಆರ್ಕೆಸ್ಟ್ರಾದವರು, ಮೇಳದಲ್ಲಿ ಹಾಡುವವರು ಮಾಡುವುದು ‘ಎನ್ಸಾಯಾರ್’. ಅದೇ ಆರ್ಕೆಸ್ಟ್ರಾದ ಪಿಟೀಲಿನವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ನುಡಿಸಿದರೆ ಅದು ‘ಎಸ್ತುದಿಯಾರ್’. ಪರೀಕ್ಷೆಗೆ ಓದಿಕೊಳ್ಳುವುದಕ್ಕೂ ಅದೇ ಮಾತು. ‘ಪ್ರಾಕ್ತಿಕಾರ್’ ಎಂಬ ಪದವೂ ಇದೆ, ಮುಖ ನೋಡಿದರೆ ನಮ್ಮ ಪ್ರಾಕ್ಟೀಸಿನ ಅಕ್ಕನೇ. ಆದರೆ ಸ್ಪೇನಿನಲ್ಲಿ ಈ ಅಕ್ಕ ಹೆಚ್ಚಾಗಿ ಯೋಗ, ಈಜು, ಹೊಸ ಭಾಷೆ, ದೇವರು ದಿಂಡರು ಇಂಥ ಕಡೆ ಓಡಾಡುತ್ತಾಳೆ. ಕೊನೆಯ ‘ರ್’ ಜಾಗಕ್ಕೆ ‘ಸ್’ ಅಂಟಿಸಿ ‘ಪ್ರಾಕ್ತಿಕಾಸ್’ ಮಾಡಿದಿರೋ, ಕಾಲೇಜು ಮುಗಿಸಿದ ಹುಡುಗ ಆಫೀಸಿನಲ್ಲಿ ಪುಡಿಗಾಸಿಗೆ ದುಡಿಯುವ ಇಂಟರ್ನ್‌ಶಿಪ್ ಅದು, ಇಲ್ಲವೇ ಡ್ರೈವಿಂಗ್ ಸ್ಕೂಲಿನವರು ಕಾರು ಹತ್ತಿಸಿ ಕಲಿಸುವ ಪಾಠ. ಅಟ್ಲಾಂಟಿಕ್ ದಾಟಿದರೆ ಸಂಗೀತಗಾರರೂ ಪ್ರಾಕ್ತಿಕಾರ್ ಮಾಡುತ್ತಾರೆ, ಅಲ್ಲಿಯವರು ಇಷ್ಟು ಕಟ್ಟುನಿಟ್ಟಲ್ಲ ಎಂದು ಹೇಳಿದವರು ನಮ್ಮ ಭಾಷಾ ತರಗತಿಯ ಮೇಡಂ. ಅವರು ಮೆಕ್ಸಿಕೊದವರು. ಅವರೇ ಒಂದು ಸುಲಭೋಪಾಯವನ್ನೂ ಹೇಳಿಕೊಟ್ಟರು: ಕೊನೆಗೆ ಪರದೆ ಏಳುತ್ತದೆಯೆ? ಹಾಗಾದರೆ ಎನ್ಸಾಯಾರ್. ಕೊನೆಗೆ ಯಾರನ್ನಾದರೂ ಸೋಲಿಸಬೇಕೆ? ಎಂತ್ರೆನಾರ್. ಕೊನೆಗೆ ಏನೂ ಇಲ್ಲವೆ? ‘ಹಾಗಾದರೆ ಏನು ಬೇಕಾದರೂ ಅನ್ನಿ, ಕೇಳುವವರು ಯಾರಿರುತ್ತಾರೆ!’

ಕೇಳುವವರು ಇರುತ್ತಾರೆ. ನಮ್ಮ ಕಟ್ಟಡ ಹಳೆಯದು. ಅದರ ಗೋಡೆಗಳು ಗುಟ್ಟು ಕಾಯುವ ಜಾತಿಯವಲ್ಲ. ಮೂರನೇ ಮಹಡಿಯಲ್ಲೊಬ್ಬಳು ಹುಡುಗಿ ಚೆಲ್ಲೊ ಕಲಿಯುತ್ತಾಳೆ. ಸಂಜೆ ಶಾಲೆಯಿಂದ ಬಂದವಳು ಒಂದೇ ಸಾಲನ್ನು ಮರ ಕೊಯ್ಯುವವರ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿರುತ್ತಾಳೆ. ಒಂದು ದಿನ ಲಿಫ್ಟಿನಲ್ಲಿ ಚೀಟಿ ಬಿತ್ತು: ‘ಮೂರನೇ ಮಹಡಿಯ ಎನ್ಸಾಯೊಗಳನ್ನು ನಿಲ್ಲಿಸಬೇಕಾಗಿ ವಿನಂತಿ.’ ಮಾರನೆಯ ದಿನ ಅದರ ಕೆಳಗೆ ಬೇರೆ ಮಸಿಯಲ್ಲಿ ಉತ್ತರ: ‘ಅದು ಎನ್ಸಾಯೊ ಅಲ್ಲ, ಎಸ್ತುದಿಯೊ.’ ಮೂರನೆಯ ದಿನ ಮೂರನೆಯವರಾರೋ ಅಕ್ಷರದ ಮೇಲಿನ ಒತ್ತುಗುರುತಿನ ತಪ್ಪೊಂದನ್ನು ತಿದ್ದಿದರು. ವಿಷಯ ನಿವಾಸಿಗಳ ಸಭೆಗೆ ಹೋಯಿತು.

ಸ್ಪೇನಿನ ಅಪಾರ್ಟ್‌ಮೆಂಟ್ ಸಭೆಯನ್ನು ನೋಡದವರು ಪ್ರಜಾಪ್ರಭುತ್ವದ ಬಗ್ಗೆ ಮಾತಾಡಬಾರದು. ಬಾಗಿಲ ಪಡಸಾಲೆಯಲ್ಲಿ ಅವರವರ ಮನೆಯಿಂದ ಅವರವರೇ ಕುರ್ಚಿ ತಂದು ಕೂರುತ್ತಾರೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ವಿಚಿತ್ರವೆಂದರೆ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ನಾಲ್ಕನೇ ಮಹಡಿಯ ನಿವೃತ್ತರು 1960ರ ಕಾಯ್ದೆಯ ಪ್ರತಿಯನ್ನೇ ಹಿಡಿದು ಬಂದಿದ್ದರು. ಒಂದೇ ಕಟ್ಟಡದಲ್ಲಿ ಹಲವರು ಮನೆ ಹೊಂದಿ ಬಾಳುವುದು ಹೇಗೆಂದು ಹೇಳುವ ಕಾಯ್ದೆ ಅದು. ನೆರೆಯವರಿಗೆ ಕಿರಿಕಿರಿಯಾಗುವ ಚಟುವಟಿಕೆ ಕೂಡದೆಂದು ಏಳನೇ ಕಲಮಿನಲ್ಲಿದೆ. ಎನ್ಸಾಯೊ ಅಂಥ ಚಟುವಟಿಕೆಯೇ ಎಂದು ಅವರ ವಾದ. ಹುಡುಗಿಯ ತಾಯಿ ಕುರ್ಚಿಯಿಂದ ಎದ್ದರು. ‘ಎನ್ಸಾಯೊ ಅಂದರೆ ನಾಲ್ಕು ಜನ ಸೇರಿ, ಡ್ರಮ್ಸ್ ಇಟ್ಟು, ಬಿಯರ್ ತರಿಸಿ ಮಾಡುವಂಥದು. ನನ್ನ ಮಗಳು ಓದಿಕೊಳ್ಳುತ್ತಿದ್ದಾಳೆ. ಮಕ್ಕಳು ಓದಬಾರದು ಅಂತ ಕಾಯ್ದೆಯಲ್ಲಿ ಎಲ್ಲಿದೆ, ತೋರಿಸಿ!’ ನಿವೃತ್ತರೂ ಸಾಮಾನ್ಯರಲ್ಲ. ‘ಓದುವುದಾದರೆ ಮನಸ್ಸಿನಲ್ಲೇ ಓದಿಕೊಳ್ಳಲಿ’ ಅಂದರು.

ಆ ವರ್ಷದ ಅಧ್ಯಕ್ಷತೆ ಸರದಿ ಪ್ರಕಾರ ಎರಡನೇ ಮಹಡಿಯ ದಂತವೈದ್ಯರಿಗೆ ಬಿದ್ದಿತ್ತು. ಬಾಯಿ ತೆರೆದವರನ್ನು ಸಂಭಾಳಿಸುವ ರೂಢಿ ಇದ್ದವರು. ಕೊನೆಗೆ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಸಿದರು: ರಾತ್ರಿ ಒಂಬತ್ತರವರೆಗೆ ಸಂಗೀತದ ಎಸ್ತುದಿಯೊಗೆ ಅಡ್ಡಿಯಿಲ್ಲ, ಎನ್ಸಾಯೊ ಮಾತ್ರ ಕಟ್ಟಡದಲ್ಲಿ ನಿಷಿದ್ಧ. ಎರಡೂ ಕಡೆಯವರು ತಾವೇ ಗೆದ್ದೆವೆಂದು ಕುರ್ಚಿ ಮಡಚುವಷ್ಟರಲ್ಲಿ ನಿವೃತ್ತರಿಗೆ ಇನ್ನೊಂದು ನೆನಪಾಯಿತು. ‘ಅಂದ ಹಾಗೆ, ಐದನೇ ಮಹಡಿಯಲ್ಲಿ ಬೆಳಗಿನ ಜಾವ ಯಾರೋ ನರಳುತ್ತಾರೆ. ಯಾರಿಗಾದರೂ ಹುಷಾರಿಲ್ಲವೆ?’

ನರಳುತ್ತಿದ್ದವಳು ನಾನೇ. ಅದು ಅಕಾರ ಸಾಧನೆ. ಎಂಜಿನಿಯರಿಂಗ್ ಸೇರಿದಾಗ ಬಿಟ್ಟುಹೋಗಿದ್ದ ಸಂಗೀತವನ್ನು, ಮಗ ಬೇರೆ ಊರಿಗೆ ಓದಲು ಹೋಗಿ ಮನೆ ಬರಿದಾದ ಮೇಲೆ, ಸರಳೆ ವರಸೆಯಿಂದ ಮತ್ತೆ ಹಿಡಿದಿದ್ದೆ. ತಂಬೂರಿ ಫೋನಿನಲ್ಲಿ, ಕಂಠ ಮಾತ್ರ ಸ್ವಂತದ್ದು. ಮಂದ್ರದಲ್ಲಿ ಷಡ್ಜ ಹಿಡಿದು ನಿಲ್ಲಿಸುವುದನ್ನು ಕೆಳಗಿನಿಂದ ಕೇಳಿದರೆ ಹೇಗಿರುತ್ತದೋ, ನಾನಂತೂ ಕೆಳಗೆ ಹೋಗಿ ಕೇಳಿದವಳಲ್ಲ. ‘ಅದು ಬೊಕಲಿಸಾರ್’ ಎಂದು ಚೆಲ್ಲೊ ಹುಡುಗಿ ನನ್ನ ಪರ ವಹಿಸಿದಳು. ಹಾಡುಗಾರರು ಗಂಟಲು ಹದ ಮಾಡಿಕೊಳ್ಳುವುದಕ್ಕೆ ಆ ಹೆಸರಂತೆ. ಅದಕ್ಕೆ ನಡಾವಳಿಯಲ್ಲಿ ಅನುಮತಿಯೂ ಇಲ್ಲ, ನಿಷೇಧವೂ ಇಲ್ಲ.

ಪಕ್ಕದ ಮನೆಯ ಅಜ್ಜಿಗೆ ಮಾತ್ರ ಸಮಾಧಾನವಾಗಲಿಲ್ಲ. ಎಂಬತ್ತು ದಾಟಿದವರು, ಮೂಲ ಸೆವಿಯಾ ನಗರದವರು, ನನ್ನನ್ನು ‘ಮಗಳೇ’ ಎಂದೇ ಕರೆಯುವುದು. ಮೆಟ್ಟಿಲ ಹತ್ತಿರ ಕೈ ಹಿಡಿದು, ‘ಮಗಳೇ, ನಿಜ ಹೇಳು, ನೋವಿದ್ದರೆ ಮುಚ್ಚಿಡಬೇಡ. ನಮ್ಮ ಕಾಲದಲ್ಲಾಗಿದ್ದರೆ ಪ್ರಾಕ್ತಿಕಾಂತೆಯನ್ನು ಕರೆಸುತ್ತಿದ್ದೆವು’ ಅಂದರು. ಪ್ರಾಕ್ಟೀಸ್ ಮಾಡುವವನು ಎಂದರ್ಥ. ಯಾವ ಮೇಳದ ಮೇಷ್ಟ್ರಪ್ಪಾ ಎಂದುಕೊಂಡೆ. ಆತ ಇಂಜೆಕ್ಷನ್ ಚುಚ್ಚುವವನು! ಹಳೆಯ ಸ್ಪೇನಿನಲ್ಲಿ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ, ಊರೂರಿಗೆ ಒಬ್ಬ ಪ್ರಾಕ್ತಿಕಾಂತೆ. ಲೋಹದ ಪೆಟ್ಟಿಗೆಯೊಳಗೆ ಗಾಜಿನ ಸಿರಿಂಜು, ಮದ್ಯಸಾರಕ್ಕೆ ಕಡ್ಡಿ ಗೀರಿ ಸೂಜಿ ಕಾಯಿಸುವುದು, ಆ ನೀಲಿ ಉರಿ ಕಂಡರೆ ಮಕ್ಕಳೆಲ್ಲ ಮಂಚದಡಿ. 1953ರಲ್ಲಿ ಸರ್ಕಾರ ಪ್ರಾಕ್ತಿಕಾಂತೆ, ಸೂಲಗಿತ್ತಿ, ನರ್ಸ್ ಮೂವರ ಓದನ್ನೂ ಒಂದು ಮಾಡಿ ಉದ್ದನೆಯ ಹೊಸ ಹೆಸರಿಟ್ಟಿತು. ಅಜ್ಜಿಯ ವಯಸ್ಸಿನವರ ಸೊಂಟಕ್ಕೆ ಇನ್ನೂ ಹಳೆಯ ಹೆಸರೇ ನೆನಪು.

ಪ್ರಾಕ್ತಿಕಾಂತೆಗೆ ಇನ್ನೊಂದು ಬಾಳೂ ಇದೆ. ಇಲ್ಲಿಯವರನ್ನು ಧರ್ಮದ ಬಗ್ಗೆ ಕೇಳಿ, ಹತ್ತರಲ್ಲಿ ಹಲವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ: ‘ಕ್ಯಾಥೊಲಿಕ್, ಆದರೆ ಪ್ರಾಕ್ತಿಕಾಂತೆ ಅಲ್ಲ.’ ಜನಿವಾರ ಇದೆ, ಸಂಧ್ಯಾವಂದನೆ ಇಲ್ಲ ಎಂದ ಹಾಗೆ. ಅಜ್ಜಿ ಪ್ರಾಕ್ತಿಕಾಂತೆ, ಸೆವಿಯಾದಲ್ಲಿರುವ ಅವರ ಮಗ ಅಲ್ಲ. ಚರ್ಚಿನ ಪೂಜೆಗೆ ಅವನು ಕಾಲಿಟ್ಟು ಎಷ್ಟು ವರ್ಷವಾಯಿತೋ! ಆದರೆ ಪವಿತ್ರ ವಾರದ ಉತ್ಸವಕ್ಕೆ ನಡೆಯುವ ಎನ್ಸಾಯೊ ಒಂದನ್ನೂ ತಪ್ಪಿಸಿದವನಲ್ಲ.

ಅದನ್ನು ತೋರಿಸಲೆಂದೇ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ಅಜ್ಜಿ ನನ್ನನ್ನು ಸೆವಿಯಾಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಉತ್ಸವದ ‘ಪಾಸೊ’ ಅಂದರೆ ಕ್ರಿಸ್ತನನ್ನೋ ಮೇರಿ ಮಾತೆಯನ್ನೋ ಕೂರಿಸಿದ ಮರದ ಮಂಟಪ. ಬೆಳ್ಳಿ, ಮೇಣದಬತ್ತಿ, ಹೂವು ಎಲ್ಲ ಸೇರಿ ಒಂದು ಟನ್ನಿಗೂ ಮೀರಿದ ತೂಕ. ಕೆಳಗಿನ ಅಡ್ಡತೊಲೆಗಳಿಗೆ ಕತ್ತಿನ ಹಿಂಭಾಗವನ್ನು ಒಡ್ಡಿ ಮೂವತ್ತು ನಲವತ್ತು ಗಂಡಸರು ಅದನ್ನು ಎತ್ತಿ ಗಂಟೆಗಟ್ಟಲೆ ನಡೆಸುತ್ತಾರೆ. ತಲೆಯಿಂದ ಕತ್ತಿನವರೆಗೆ ಗೋಣಿಬಟ್ಟೆ ಸುತ್ತಿ ಮಾಡಿಕೊಂಡ ಸಿಂಬೆಗೆ ‘ಕೊಸ್ತಾಲ್’ ಎಂದು ಹೆಸರು, ಅದರಿಂದಲೇ ಇವರು ‘ಕೊಸ್ತಲೇರೊ’ಗಳು. ಸುತ್ತಲೂ ಬಟ್ಟೆ ಇಳಿಬಿಟ್ಟಿರುವುದರಿಂದ ನಮಗೆ ಕಾಣುವುದು ಪಾದಗಳು ಮಾತ್ರ, ಅವರಿಗೆ ಅದೂ ಇಲ್ಲ. ಹೊರಗಿನಿಂದ ಮುಂದಾಳು ದಾರಿ ಹೇಳಬೇಕು. ಅವನು ಏಳಿ, ಇಳಿಸಿ ಎಂದು ಬಡಿಯುವ ಸುತ್ತಿಗೆಯ ಹೆಸರು ‘ಯಮದೋರ್’; ಕರೆಯುವಂಥದು ಎಂದರ್ಥ. ನನ್ನ ಕಿವಿಗೆ ಯಮಧರ್ಮನ ಕಡೆಯವನ ಹಾಗೆ ಕೇಳಿಸಿತು, ಕೆಲಸವೂ ಕರೆಯುವುದೇ ಆದ್ದರಿಂದ ಅರ್ಥ ಅಷ್ಟೇನೂ ಕೆಡಲಿಲ್ಲ.

1970ರ ದಶಕದ ಆರಂಭದವರೆಗೂ ಇದನ್ನು ಹೊರುತ್ತಿದ್ದವರು ಬಂದರಿನ, ಮಾರುಕಟ್ಟೆಯ ಹಮಾಲರು, ಹೊತ್ತದ್ದಕ್ಕೆ ಕೂಲಿ. 1973ರಲ್ಲಿ ‘ವಿದ್ಯಾರ್ಥಿಗಳು’ ಎಂದೇ ಹೆಸರಾದ ಅಲ್ಲಿನ ಒಂದು ಭಕ್ತಮಂಡಳಿಯ ಸದಸ್ಯರು ಕೂಲಿಯಿಲ್ಲದೆ ತಾವೇ ಹೆಗಲು ಕೊಟ್ಟರು, ಉಳಿದ ಮಂಡಳಿಗಳೂ ಒಂದೊಂದಾಗಿ ಹಿಂಬಾಲಿಸಿದವು. ಈಗ ಹೊರುವವರು ಬ್ಯಾಂಕಿನವರು, ಮೇಷ್ಟ್ರುಗಳು, ಅಜ್ಜಿಯ ಮಗನಂಥ ವಿಮಾ ಏಜೆಂಟರು. ದಿನಾ ಮೂಟೆ ಹೊತ್ತ ಕುತ್ತಿಗೆಗೂ ಕಂಪ್ಯೂಟರ್ ಮುಂದೆ ಬಾಗಿದ ಕುತ್ತಿಗೆಗೂ ವ್ಯತ್ಯಾಸವಿದೆಯಲ್ಲ, ಅದಕ್ಕೇ ಎನ್ಸಾಯೊ. ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕತ್ತಿನ ಎತ್ತರ ಅಳೆದು, ಒಂದೇ ಅಳತೆಯವರನ್ನು ಒಂದೇ ತೊಲೆಗೆ ಹಾಕುತ್ತಾರೆ. ಆಮೇಲೆ ಚಳಿಗಾಲದ ರಾತ್ರಿಗಳಲ್ಲಿ, ಊಟದ ಹೊತ್ತು ಮೀರಿ, ಬೀದಿಗಿಳಿಯುತ್ತಾರೆ.

ನಾವು ನೋಡಿದ್ದು ಅಂಥದೊಂದು ರಾತ್ರಿ. ಸಂದಿಯ ತಿರುವಿನಲ್ಲಿ ಬೋಳು ಚೌಕಟ್ಟೊಂದು ತೇಲಿಬಂತು. ಬೆಳ್ಳಿಯಿಲ್ಲ, ಹೂವಿಲ್ಲ, ಮಾತೆಯಿಲ್ಲ. ಆಕೆ ಕೂರುವ ಜಾಗದಲ್ಲಿ ಸಿಮೆಂಟ್ ಇಟ್ಟಿಗೆಗಳನ್ನು ಪೇರಿಸಿದ್ದರು. ಬ್ಯಾಂಡಿನ ಬದಲು ಒಂದು ಸ್ಪೀಕರು. ಹಿಂದೆ ಕಾರಿನವನೊಬ್ಬ ಹಾರ್ನ್ ಮಾಡದೆ ಕಾಯುತ್ತಿದ್ದ, ಮ್ಯಾಡ್ರಿಡ್‌ನಲ್ಲಿ ಅಂಥವನನ್ನು ನಾನು ಕಂಡಿಲ್ಲ. ಅಷ್ಟು ಕಿರಿದಾದ ತಿರುವಿನಲ್ಲಿ ಎಂಟು ಹತ್ತು ಸಲ ಅಂಗುಲ ಅಂಗುಲವಾಗಿ ಸರಿದು, ಗೋಡೆಗೆ ತಾಗದೆ ಹೊರಳಿದರು. ಅಜ್ಜಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡರು. ಸಿಮೆಂಟ್ ಇಟ್ಟಿಗೆಗೆ! ಅಲ್ಲಿ ಮಾತೆ ಇಲ್ಲವಲ್ಲ ಎಂದೆ.

‘ತೂಕ ಅಷ್ಟೇ ಇದೆ, ಮಗಳೇ’ ಅಂದರು.

ಮೈಸೂರಿನವಳಾಗಿ ನಾನು ಸುಮ್ಮನಿರಲು ಸಾಧ್ಯವೆ? ನಮ್ಮ ದಸರಾ ಆನೆಗಳ ಸಮಾಚಾರ ತೆಗೆದೆ. ಹಬ್ಬಕ್ಕೆ ಎಷ್ಟೋ ವಾರ ಮುಂಚೆಯೇ ಗಜಪಡೆ ಕಾಡಿನಿಂದ ಅರಮನೆಗೆ ಬರುತ್ತದೆ. ಬೆಳಿಗ್ಗೆ ಸಂಜೆ ಬನ್ನಿಮಂಟಪದವರೆಗೆ ನಡಿಗೆ ತಾಲೀಮು. ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ, ದಿನ ಕಳೆದಂತೆ ತೂಕ ಏರಿಸುತ್ತಾ ಭಾರದ ತಾಲೀಮು. ಆಮೇಲೆ ಮರದ ಅಂಬಾರಿ. ವಿಜಯದಶಮಿಯ ದಿನ ಏರುವ ಚಿನ್ನದ ಅಂಬಾರಿ 750 ಕಿಲೋ, ಅದರೊಳಗೆ ಚಾಮುಂಡೇಶ್ವರಿ. ಫಿರಂಗಿ ಸದ್ದಿಗೆ ಬೆಚ್ಚದಿರಲೆಂದು ಕುಶಾಲತೋಪಿನ ತಾಲೀಮು ಬೇರೆ. ಚಿಕ್ಕಂದಿನಲ್ಲಿ ಮರಳು ಮೂಟೆಯ ಆನೆ ಬೀದಿಯಲ್ಲಿ ಬಂದರೆ ನಮ್ಮ ಅಮ್ಮನೂ ಕೈ ಮುಗಿಯುತ್ತಿದ್ದಳು, ಯಾಕೆಂದು ನಾವು ಕೇಳಿರಲಿಲ್ಲ.

ಅಷ್ಟರಲ್ಲಿ ಬೆವರೊರೆಸಿಕೊಳ್ಳುತ್ತಾ ಬಂದ ಅಜ್ಜಿಯ ಮಗ, ಆನೆಗಳಿಗಾದರೆ ಅದು ಎನ್ಸಾಯೊ ಆಗುವುದಿಲ್ಲ, ‘ಆದಿಯೆಸ್ತ್ರಾರ್’ ಆಗುತ್ತದೆ, ಪ್ರಾಣಿಗಳನ್ನು ಪಳಗಿಸುವುದಕ್ಕೆ ಆ ಪದ ಎಂದು ತಿದ್ದಿದ. ಅಜ್ಜಿಗೆ ರೇಗಿತು. ‘ಅವು ಹೊರುವುದೂ ದೇವಿಯನ್ನೇ ತಾನೆ? ನೀನು ಹೊತ್ತರೆ ಎನ್ಸಾಯೊ, ಆನೆ ಹೊತ್ತರೆ ಇನ್ನೊಂದೋ? ಅದೂ ನಿನ್ನ ಹಾಗೇ ಪೂಜೆಗೆ ಬರುವುದಿಲ್ಲ, ಅಷ್ಟೇ!’ ಅರಬ್ಬಿಯಿಂದ ಎಣ್ಣೆ, ದಿಂಬು ಎಂದು ರಾಶಿರಾಶಿ ಪದ ಎರವಲು ತಂದ ಸ್ಪ್ಯಾನಿಷ್ ಭಾಷೆ ತಾಲೀಮನ್ನು ಮಾತ್ರ ತಾರದೆ ಬಿಟ್ಟಿತು. ತಂದಿದ್ದರೆ ತಾಯಿ ಮಗನ ಈ ಜಗಳ ಇರುತ್ತಿರಲಿಲ್ಲ. ನಮ್ಮಲ್ಲಿ ಗರಡಿಮನೆಗೂ ನಾಟಕ ಕಂಪನಿಗೂ ಆನೆಗೂ ಒಂದೇ ತಾಲೀಮು.

ಇಂಥವನ್ನು ನೋಡುವ ಚಟ ಹತ್ತಿದರೆ ಮ್ಯಾಡ್ರಿಡ್‌ನಲ್ಲೂ ಬೇಕಾದಷ್ಟಿದೆ. ಆಂತೋನ್ ಮಾರ್ತಿನ್ ಮಾರುಕಟ್ಟೆಯಲ್ಲಿ ಮೀನು ಕೊಳ್ಳಲು ನಿಂತಾಗ ತಲೆಯ ಮೇಲೆ ಗುಡುಗು ಉರುಳಿದರೆ ಗಾಬರಿ ಬೇಡ. ಮೇಲ್ಗಡೆ ‘ಅಮೋರ್ ದೆ ದಿಯೋಸ್’ ಎಂಬ ಫ್ಲಮೆಂಕೊ ಶಾಲೆ. ಕಾಸಾ ದೆ ಕಾಂಪೊ ಉದ್ಯಾನದ ಕಡೆ ಹೋದರೆ ಗೂಳಿಕಾಳಗ ಕಲಿಯುವ ಹುಡುಗರು. ಗೂಳಿ ಎಲ್ಲಿಂದ ಬರಬೇಕು? ಒಬ್ಬ ಎರಡು ಕೈಯಲ್ಲಿ ಕೊಂಬು ಹಿಡಿದು ಬಗ್ಗಿ ನುಗ್ಗುತ್ತಾನೆ, ಇನ್ನೊಬ್ಬ ಗುಲಾಬಿ ಬಟ್ಟೆ ಬೀಸಿ ಗಂಭೀರವಾಗಿ ಪಕ್ಕಕ್ಕೆ ಸರಿಯುತ್ತಾನೆ. ಇದಕ್ಕೆ ‘ಹಜಾರದ ಗೂಳಿಕಾಳಗ’ ಎಂದೇ ಹೆಸರು. ನನಗೆ ಮೆಚ್ಚಿಗೆಯಾದದ್ದು ಗೂಳಿಯ ಪಾತ್ರ. ಅದು ಬುಸುಗುಟ್ಟುತ್ತದೆ, ಎದುರಾಳಿಯ ಕಾಲು ಸರಿಯಿಲ್ಲದಿದ್ದರೆ ನಿಂತು ತಿದ್ದುತ್ತದೆ. ಭಾನುವಾರದ ಗೂಳಿಗೆ ಈ ಸೌಜನ್ಯ ಇರುವುದಿಲ್ಲ. ಈ ಆಟ ಇಷ್ಟಕ್ಕೇ ನಿಂತಿದ್ದರೆ ನನ್ನಂಥವರೂ ಟಿಕೆಟ್ ಕೊಳ್ಳುತ್ತಿದ್ದರು.

ಇದನ್ನೆಲ್ಲ ತರಗತಿಯಲ್ಲಿ ಉತ್ಸಾಹದಿಂದ ವರದಿ ಮಾಡಿದಾಗ ಮೆಕ್ಸಿಕೊದ ಮೇಡಂ ಇನ್ನೊಂದು ಪದವನ್ನು ಹಲಗೆಯ ಮೇಲೆ ಬರೆದರು: ‘ಸಿಮುಲಾಕ್ರೊ’. ಬೆಂಕಿಗೆ, ಭೂಕಂಪಕ್ಕೆ ಮಾಡುವ ತಾಲೀಮು. 1985ರ ಸೆಪ್ಟೆಂಬರ್ 19ರ ಬೆಳಿಗ್ಗೆ 7.19ಕ್ಕೆ ಮೆಕ್ಸಿಕೊ ನಗರ ನಡುಗಿ ಸಾವಿರಾರು ಜನ ಸತ್ತರು. ಅದರ ನೆನಪಿಗೆ ಅದೇ ತಾರೀಖಿನಂದು ಸಿಮುಲಾಕ್ರೊ ನಡೆಯುತ್ತದೆ. 2017ರಲ್ಲಿ ಬೆಳಿಗ್ಗೆ 11ಕ್ಕೆ ಸೈರನ್ ಕೂಗಿತು, ಎಲ್ಲರೂ ನಗುನಗುತ್ತಾ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತು ಮತ್ತೆ ಮೇಲೆ ಹೋದರು. ಮಧ್ಯಾಹ್ನ 1.14ಕ್ಕೆ ನಿಜವಾದ ಭೂಕಂಪ. ಮುನ್ನೂರಕ್ಕೂ ಹೆಚ್ಚು ಸಾವು. 2022ರಲ್ಲಿ ಮತ್ತೆ ಅದೇ ಸೆಪ್ಟೆಂಬರ್ 19; ಸಿಮುಲಾಕ್ರೊ ಮುಗಿದು ಒಂದು ಗಂಟೆಯೂ ಆಗಿರಲಿಲ್ಲ, ಭೂಮಿ ಮತ್ತೆ ಅಲುಗಿತು. ಹೀಗಾದರೆ ಸಿಮುಲಾಕ್ರೊ ಮಾಡುವುದನ್ನೇ ಬಿಟ್ಟುಬಿಡೋಣ ಎಂದು ಊರಿನವರು ತಮಾಷೆ ಮಾಡಿಕೊಂಡರಂತೆ. ಮೇಡಂ ಹೇಳಿದ್ದು ನಗುತ್ತಲೇ, ಆದರೆ ಹಲಗೆ ಒರೆಸುವುದನ್ನು ಮರೆತು ಪಾಠ ಮುಗಿಸಿದರು. ಪರದೆ ಏಳದಿರಲಿ ಎಂದು ಬೇಡಿಕೊಂಡು ಮಾಡುವ ತಾಲೀಮಿಗೆ ಬೇರೆಯೇ ಪದ ಇರುವುದು ನ್ಯಾಯ.

ನನಗೆ ಗಂಟುಬಿದ್ದದ್ದು ಮಾತ್ರ ಎನ್ಸಾಯೊ. ಅಜ್ಜಿಯ ತೂಕದ ಮಾತು ತಲೆಯಲ್ಲಿ ಕೊರೆಯುತ್ತಿದ್ದದ್ದಕ್ಕೆ ನಿಘಂಟು ತೆಗೆದು ನೋಡಿದರೆ, ಮೂಲದಲ್ಲಿ ಇದು ‘ತೂಗುವುದು’ ಎಂಬರ್ಥದ ಲ್ಯಾಟಿನ್ ಪದ! ಚಿನ್ನ ಬೆಳ್ಳಿಯನ್ನು ತೂಗಿ, ಕರಗಿಸಿ, ಒರೆಗೆ ಹಚ್ಚುವುದು ಎನ್ಸಾಯೊ. ಟಂಕಸಾಲೆಯಲ್ಲಿ ಆ ಕೆಲಸದವನು ‘ಎನ್ಸಾಯಾದೋರ್’. ಈಗ ಬೊಲಿವಿಯಾದಲ್ಲಿರುವ ಪೊಟೋಸಿಯ ಟಂಕಸಾಲೆಯಲ್ಲಿ ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸಿದ ದೊಡ್ಡ ಹಗರಣ ಬಯಲಾದಾಗ ಎನ್ಸಾಯಾದೋರ್ ಫೆಲಿಪೆ ರಮಿರೆಸ್ ದೆ ಅರೆಯಾನೊ ಎಂಬವನಿಗೆ 1650ರಲ್ಲಿ ಮರಣದಂಡನೆಯಾಯಿತು. ಪ್ರಯೋಗಶಾಲೆಯ ಪ್ರನಾಳ ‘ಎನ್ಸಾಯೊದ ಕೊಳವೆ’. ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸುವುದೂ ಎನ್ಸಾಯೊ. ರಗ್ಬಿಯಲ್ಲಿ ಚೆಂಡು ಹಿಡಿದು ಗೆರೆಯಾಚೆ ಬಿದ್ದರೆ ಅದೂ ಎನ್ಸಾಯೊ, ಐದು ಅಂಕ. ನಾನು ಈಗ ಬರೆಯುತ್ತಿರುವ ಈ ಲಲಿತ ಪ್ರಬಂಧವೂ ಎನ್ಸಾಯೊವೇ; ಬರೆಯುವವಳು ‘ಎನ್ಸಾಯಿಸ್ತಾ’. ಕಲಬೆರಕೆ ಮಾಡಿದರೆ ಏನಾಗುತ್ತದೆಂದು ಪೊಟೋಸಿಯ ಕಥೆ ಓದಿದ ಮೇಲೆ ನಾನು ಬಹಳ ಜಾಗರೂಕಳಾಗಿದ್ದೇನೆ.

ಈ ಬಗೆಯ ಬರಹಕ್ಕೆ ಮೂಲಪುರುಷ ಫ್ರಾನ್ಸಿನ ಮೊಂತೇನ್. 1580ರಲ್ಲಿ ತನ್ನ ಪುಸ್ತಕಕ್ಕೆ ‘ಎಸ್ಸೆ’ಗಳು ಎಂದು ಹೆಸರಿಟ್ಟ, ಅದಕ್ಕೂ ಮುಂಚೆ ತಕ್ಕಡಿಯ ಚಿತ್ರವಿರುವ ಪದಕವನ್ನೂ ಮಾಡಿಸಿಕೊಂಡಿದ್ದ. 1630ರ ದಶಕದಲ್ಲಿ ದಿಯೆಗೊ ದೆ ಸಿಸ್ನೇರೊಸ್ ಎಂಬ ಪಾದ್ರಿ ಅದರ ಮೊದಲ ಭಾಗವನ್ನು ಸ್ಪ್ಯಾನಿಷ್‌ಗೆ ತಂದಾಗ ಈ ಶೀರ್ಷಿಕೆಯೇ ತಲೆನೋವಾಗಿರಬೇಕು. ಎನ್ಸಾಯೊ ಎನ್ನಲಿಲ್ಲ, ‘ಅನುಭವಗಳು ಮತ್ತು ಹಲವು ವಿಚಾರಗಳು’ ಎಂದು ಹಾಕಿದ. ಆ ಹಸ್ತಪ್ರತಿ ಅಚ್ಚಾಗದೆ ಇದೇ ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿಯಿತು. ಇಡೀ ಮೊಂತೇನ್ ‘ಎನ್ಸಾಯೊಸ್’ ಎಂಬ ಹೆಸರಿನಲ್ಲಿ ಅಚ್ಚಾಗಿ ಬಂದದ್ದು 1898ರಲ್ಲಿ, ರೊಮಾನ್ ಇ ಸಲಮೇರೊ ಅವರ ಅನುವಾದದಲ್ಲಿ. ಸರಿಯಾದ ಪದ ಕೂತುಕೊಳ್ಳಲು ಎರಡೂವರೆ ಶತಮಾನಕ್ಕೂ ಹೆಚ್ಚು ಹಿಡಿದಿದ್ದರೆ, ನಾಲ್ಕನೇ ಮಹಡಿಯವರ ಮೇಲೆ ನಾನು ಕೋಪಿಸಿಕೊಳ್ಳುವುದು ಸರಿಯಲ್ಲ.

ಕನ್ನಡದಲ್ಲಿ ನಾವು ಆರಿಸಿಕೊಂಡದ್ದು ‘ಪ್ರಬಂಧ’ – ಚೆನ್ನಾಗಿ ಕಟ್ಟಿದ್ದು. ಹಾಡಿನ ಮನೆಯಲ್ಲೂ ಬಳಕೆಯಲ್ಲಿದ್ದ ಪದ ಅದು. 13ನೇ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಪ್ರಬಂಧಕ್ಕೇ ಒಂದು ಅಧ್ಯಾಯವಿದೆ, ಅಂಗ, ಧಾತು ಎಲ್ಲ ಲೆಕ್ಕ ಹಾಕಿ ಬಿಗಿದ ಕೃತಿ ಅದು, ಕಛೇರಿಗೆ ಸಿದ್ಧ. ಸ್ಪ್ಯಾನಿಷ್‌ನವರು ಅದೇ ಬರಹಕ್ಕೆ ಮುಗಿಯದ ತಾಲೀಮಿನ ಹೆಸರನ್ನು ಕೊಟ್ಟರು. ಸೋಮಾರಿಯಾದ ನನಗೆ ಅವರ ಹೆಸರೇ ಹಿತ. ನಡುವೆ ನಿಲ್ಲಿಸಿ, ‘ಈ ಸಾಲು ಇನ್ನೊಂದು ಸಲ’ ಎನ್ನಬಹುದು.

ನಡುವೆ ನಿಲ್ಲಿಸಿದ್ದೆಲ್ಲ ಮತ್ತೆ ಶುರುವಾಗುತ್ತದೆ ಎಂಬ ಭರವಸೆ ಮಾತ್ರ ಬೇಡ. ಸ್ಪೇನಿನ ಕವಿ, ನಾಟಕಕಾರ ಲೋರ್ಕಾ ‘ಐದು ವರ್ಷ ಕಳೆದ ಮೇಲೆ’ ಎಂಬರ್ಥದ ಹೆಸರಿನ ನಾಟಕವನ್ನು ಬರೆದು ಮುಗಿಸಿದ್ದು 1931ರ ಆಗಸ್ಟಿನಲ್ಲಿ. 1936ರಲ್ಲಿ ಮ್ಯಾಡ್ರಿಡ್‌ನ ಹವ್ಯಾಸಿ ತಂಡವಾದ ಆನ್ಫಿಸ್ತೊರಾ ಕ್ಲಬ್ಬಿನವರು ಅದರ ಎನ್ಸಾಯೊ ನಡೆಸಿದ್ದರು. ಅಷ್ಟರಲ್ಲಿ ಅಂತರ್ಯುದ್ಧ ಬಂತು. ಆಗಸ್ಟಿನಲ್ಲಿ ಗ್ರನಾಡಾದ ಹತ್ತಿರ ಲೋರ್ಕಾನನ್ನು ಕೊಂದರು. ಸ್ಪೇನಿನ ರಂಗದ ಮೇಲೆ ಆ ನಾಟಕ ಬಂದದ್ದು 1978ರಲ್ಲಿ. ಮಾತು ಬಾಯಿಪಾಠ ಮಾಡಿಕೊಂಡು, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಗುರುತು ಹಾಕಿಕೊಂಡು, ಯಾವತ್ತೂ ರಂಗಕ್ಕೇರದ ಆ ಹುಡುಗ ಹುಡುಗಿಯರು ತಾವು ಮಾಡಿದ್ದಕ್ಕೆ ಆಮೇಲೆ ಏನು ಹೆಸರಿಟ್ಟುಕೊಂಡರೋ.

ನಮ್ಮ ಅಮ್ಮ ಇಟ್ಟುಕೊಂಡಿದ್ದ ಹೆಸರು ‘ಸಾಧನೆ’. ಬೆಳಿಗ್ಗೆ ಐದಕ್ಕೆ ಎದ್ದು, ಹಾಲು ಕಾಯುವವರೆಗೆ ಒಂದು ರಾಗ, ಅನ್ನ ಬೇಯುವವರೆಗೆ ಇನ್ನೊಂದು. ಬೀದಿಯವರಿಗೆ ಅವಳ ಕಾಂಭೋಜಿಯಿಂದ ಗಂಟೆ ಎಷ್ಟೆಂದು ಗೊತ್ತಾಗುತ್ತಿತ್ತು. ವೇದಿಕೆ ಹತ್ತಿದವಳಲ್ಲ, ರಾಮೋತ್ಸವದ ಪೆಂಡಾಲಿನಲ್ಲೂ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕಿದವಳು. ಯಾವಾಗ ಕಛೇರಿ ಎಂದು ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುವಂತಿಲ್ಲ.

ನನ್ನನ್ನು ಕೇಳಿದರು. ನಿವೃತ್ತರ ನಿದ್ದೆಗೆ ಕಲ್ಲು ಹಾಕುವುದು ಬೇಡವೆಂದು ಬಡಾವಣೆಯ ಸಾಂಸ್ಕೃತಿಕ ಕೇಂದ್ರದಲ್ಲಿ ವಾರಕ್ಕೆ ಎರಡು ಸಂಜೆ ಒಂದು ಕೋಣೆ ಸಿಗುತ್ತದೆಯೇ ಎಂದು ವಿಚಾರಿಸಲು ಹೋಗಿದ್ದೆ. ಕೌಂಟರಿನ ಹುಡುಗ ಬಲು ಸಜ್ಜನ. ಕೋಣೆ ಖಾಲಿಯಿತ್ತು. ಉದ್ದೇಶ? ಪಟ್ಟಿಯಲ್ಲಿದ್ದದ್ದು ಸಭೆ, ತರಗತಿ, ಎನ್ಸಾಯೊ. ಎನ್ಸಾಯೊ ಒತ್ತಿದ. ಕಂಪ್ಯೂಟರು ಕೆಂಪಗಾಗಿ ಪ್ರದರ್ಶನದ ದಿನಾಂಕ ಕೇಳಿತು.

‘ಪ್ರದರ್ಶನ ಇಲ್ಲ’ ಅಂದೆ.

‘ಇಲ್ಲ ಅಂದರೆ, ಇನ್ನೂ ಗೊತ್ತಾಗಿಲ್ಲ ಅಂತಲೇ?’

‘ಇಲ್ಲ ಅಂದರೆ ಇಲ್ಲ.’

ಅವನು ಗೆರೆ ಎಳೆದು ನೋಡಿದ, ಸೊನ್ನೆ ಹಾಕಿ ನೋಡಿದ. ಯಂತ್ರ ಒಪ್ಪಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬರು ಹೊಲಿಗೆ ತರಗತಿಗೆ ಹೆಸರು ಕೊಡುವ ಅವಸರದಲ್ಲಿದ್ದವರು, ಯಾವುದಾದರೊಂದು ತಾರೀಖು ಹಾಕಪ್ಪಾ, ಆಮೇಲೆ ನೋಡಿಕೊಂಡರಾಯಿತು ಎಂದರು. ಹುಡುಗನ ಮುಖ ಅರಳಿತು. ಜೂನ್ 21 ಎಂದು ಕುಟ್ಟಿದ. ಯುರೋಪಿಗೆಲ್ಲ ಅವತ್ತು ಸಂಗೀತ ದಿನ, ಕೇಂದ್ರದಲ್ಲಿ ಯಾರಾದರೂ ಹಾಡಲೇಬೇಕಂತೆ. ನಿರೀಕ್ಷಿತ ಸಭಿಕರು ಎಷ್ಟು? ಅಜ್ಜಿ ಒಬ್ಬರು ಖಂಡಿತ ಅಂದೆ. ಒಂದಕ್ಕೆ ಯಂತ್ರ ಒಪ್ಪಲಿಲ್ಲ, ಹತ್ತಕ್ಕೆ ಒಪ್ಪಿತು.

ಹೀಗೆ ನಾನು ಸಾಧನೆ ಮಾಡುತ್ತಿರುವ ಮೋಹನ ರಾಗದ ವರ್ಣಕ್ಕೆ ತಾರೀಖು ಬಿದ್ದಿದೆ. ಎರಡನೇ ಕಾಲದಲ್ಲಿ ಚಿಟ್ಟೆಸ್ವರ ಇನ್ನೂ ಮುಗ್ಗರಿಸುತ್ತದೆ. ಚೆಲ್ಲೊ ಹುಡುಗಿ ಸುದ್ದಿ ಕೇಳಿ, ಷಡ್ಜ ಪಂಚಮ ಎರಡೇ ಸ್ವರವಾದರೆ ತಂಬೂರಿಯ ಬದಲು ತಾನೇ ಎಳೆಯುತ್ತೇನೆ ಎಂದಿದ್ದಾಳೆ. ಮೊನ್ನೆ ಅವಳ ಮನೆಯಲ್ಲೇ ಒಮ್ಮೆ ಕೂತು ನೋಡೋಣವೆಂದು ಬಾಗಿಲು ತಟ್ಟಿದೆ. ಅವಳ ತಾಯಿ ಬಾಗಿಲನ್ನು ಅರ್ಧ ಮಾತ್ರ ತೆರೆದು, ಮೆಟ್ಟಿಲ ಕಡೆ ಮೇಲೆ ಕೆಳಗೆ ನೋಡಿ ಪಿಸುಗುಟ್ಟಿದರು: ‘ಇಬ್ಬರಾದರೆ ಎನ್ಸಾಯೊ ಆಗಿಬಿಡುತ್ತದೆ. ನಡಾವಳಿಯಲ್ಲಿ ನಿಷಿದ್ಧ. ನೀವು ಅಲ್ಲೇ, ಕೇಂದ್ರಕ್ಕೇ ನಡೆಯಿರಿ.’